ಕಂಠ ಮತ್ತು ಕಾಯ: ಬಾಲಗಂಧರ್ವರ ಚಿತ್ರಜೀವನ

ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯು ನಾಸಿಕವನ್ನು ದಾಟಿ, ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಮುಂದೆ ಹರಿದು ಪೂರ್ವಕ್ಕೆ ಸಾಗುತ್ತದೆ. ಭಾರತೀಯ ಚಲಚ್ಚಿತ್ರದ ಚರಿತ್ರೆಯಲ್ಲಿ ಈ ನದಿಯ ದಂಡೆಯ ಎರಡು ಊರುಗಳಿಗೂ ಒಂದೊಂದು ಸ್ಥಾನವಿದೆ. ತ್ರ್ಯಂಬಕವು ದಾದಾಸಾಹೇಬ ಫಾಲ್ಕೆಯವರ ಜನ್ಮಸ್ಥಳ. 1870ರಲ್ಲಿ ಅಲ್ಲಿ ಹುಟ್ಟಿದ ಅವರು ಈ ದೇಶದಲ್ಲಿ ಕಥಾಚಿತ್ರದ ಪರಂಪರೆಗೆ ಅಡಿಗಲ್ಲನ್ನಿಟ್ಟರು. ಪೈಠಣವು ಏಕನಾಥರ ಊರು. ಆ ಸಂತನ ಚರಿತ್ರೆಯನ್ನು 1935ರಲ್ಲಿ ಪುಣೆಯ ಪ್ರಭಾತ್ ಸಂಸ್ಥೆಯವರು 'ಧರ್ಮಾತ್ಮಾ' ಎಂಬ ಚಿತ್ರವನ್ನಾಗಿ ಮಾಡಿದಾಗ, ಏಕನಾಥರ ಪಾತ್ರದಲ್ಲಿ ಕ್ಯಾಮರಾದ ಮುಂದೆ ನಿಂತವರು ನಾರಾಯಣ ಶ್ರೀಪಾದ ರಾಜಹಂಸ ಅವರು, ಎಂದರೆ ಮೂವತ್ತು ವರ್ಷಗಳ ಕಾಲ ಮರಾಠಿ ರಂಗಭೂಮಿಯ ಆರಾಧ್ಯ ಮೂರ್ತಿಯಾಗಿದ್ದ ಬಾಲಗಂಧರ್ವರು.

ಆ ಚಿತ್ರವು ನಿರೀಕ್ಷಿಸಿದ ಯಶಸ್ಸನ್ನು ಪಡೆಯಲಿಲ್ಲ. ಎರಡು ವರ್ಷಗಳ ನಂತರದ ಇನ್ನೊಂದು ಪ್ರಯತ್ನವೂ ಫಲಿಸಲಿಲ್ಲ. ಅಷ್ಟಕ್ಕೆ ಅವರ ಚಿತ್ರಜೀವನ ಮುಗಿಯಿತೆಂದೇ ಹೇಳಬೇಕು. ಇಂಥ ಪ್ರಚಂಡ ಲೋಕಪ್ರಿಯತೆಯನ್ನು ಗಳಿಸಿದ್ದ ಗಾಯಕನಟನನ್ನು ಬೆಳ್ಳಿತೆರೆ ಏಕೆ ಸ್ವೀಕರಿಸಲಿಲ್ಲ? ಈ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರಗಳು ಮೂರು. ಅವರಿಗೆ ವಯಸ್ಸಾಗಿತ್ತು ಎಂಬುದು ಒಂದು. ಸ್ತ್ರೀಪಾತ್ರಕ್ಕೆ ಹೆಸರಾದವರು ಪುರುಷಪಾತ್ರವನ್ನು ವಹಿಸಬಾರದಿತ್ತು ಎಂಬುದು ಎರಡನೆಯದು. ಮೂರನೆಯದು ಉತ್ತರಕ್ಕಿಂತ ಹೆಚ್ಚಾಗಿ ಆರೋಪ: ಬಿಳಗಿಯ ಗೋಹರ್‌ಬಾಯಿ ಕರ್ನಾಟಕಿಯವರ ಸಹವಾಸದಿಂದ ಅವರ ವೈಭವವು ಅಳಿಯಿತು ಎಂಬುದು. ಕೊನೆಯ ಮಾತು ಕನ್ನಡ ನಾಡಿನ ಒಬ್ಬ ಕಲಾವಿದೆಯ ಹೆಸರಿಗೆ ಅಂಟಿಕೊಂಡಿರುವುದರಿಂದ, ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಚಾರವು ಕೇವಲ ನೆರೆಮನೆಯ ಕಥೆಯಲ್ಲ. ಮೂರು ಉತ್ತರಗಳನ್ನೂ ಕಾಲಕ್ರಮದ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಬಾಲಗಂಧರ್ವರ ಉದಯವನ್ನು ತಿಳಿಯಬೇಕಾದರೆ ಅವರನ್ನು ಬೆಳೆಸಿದ ರಂಗಭೂಮಿಯನ್ನು ನೆನೆಯಬೇಕು. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ಆಡಿ ಮರಾಠಿ ಸಂಗೀತ ನಾಟಕಕ್ಕೆ ರೂಪವನ್ನು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ತಮ್ಮ ನಾಟಕಗಳಲ್ಲಿ ಕನ್ನಡದ ಮಟ್ಟುಗಳನ್ನು ಧಾರಾಳವಾಗಿ ಬಳಸಿಕೊಂಡರೆಂಬುದು ಎರಡೂ ಭಾಷೆಯ ವಿದ್ವಾಂಸರು ಒಪ್ಪಿದ ಸಂಗತಿ. ಆ ಮಂಡಳಿಯಲ್ಲಿ ಸ್ತ್ರೀಪಾತ್ರಗಳಿಂದ ಜನರನ್ನು ಮರುಳುಗೊಳಿಸಿದ್ದ ಭಾವೂರಾವ್ ಕೊಲ್ಹಟಕರರು 1901ರಲ್ಲಿ ತೀರಿಕೊಂಡಾಗ ಆ ಸ್ಥಾನವು ಬರಿದಾಯಿತು. 1905ರಲ್ಲಿ, ಹದಿನೇಳು ವರ್ಷದ ನಾರಾಯಣನು ಕಿರ್ಲೋಸ್ಕರ ಮಂಡಳಿಯನ್ನು ಸೇರಿ ಶಕುಂತಲೆಯಾಗಿ ರಂಗವನ್ನೇರಿದನು. ಬಾಲ್ಯದಲ್ಲಿ ಆತನ ಹಾಡನ್ನು ಕೇಳಿ ಲೋಕಮಾನ್ಯ ತಿಲಕರು ಮೆಚ್ಚಿ ಆಡಿದ ಮಾತಿನಿಂದ 'ಬಾಲಗಂಧರ್ವ' ಎಂಬ ಹೆಸರು ಬಂದಿತೆಂಬ ಪ್ರತೀತಿಯಿದೆ. ಹೆಸರು ಬಂದದ್ದು ಬಾಲ್ಯದಲ್ಲಿ. ಅದು ನಿಂತದ್ದು ಕಡೆಯವರೆಗೆ. ಎಳೆಯ ಹರೆಯದ ಕಂಠಕ್ಕೆ ಇಟ್ಟ ಬಿರುದನ್ನು ಎಪ್ಪತ್ತೊಂಬತ್ತು ವರ್ಷ ಬದುಕಿದ ಕಲಾವಿದರು ಮುಪ್ಪಿನಲ್ಲಿಯೂ ಹೊತ್ತು ನಡೆಯಬೇಕಾಯಿತೆಂಬುದರಲ್ಲಿಯೇ ಅವರ ಜೀವನದ ಮುಖ್ಯ ಸಂಕಟವು ಅಡಗಿದೆ.

1911ರ 'ಮಾನಾಪಮಾನ'ದ ಭಾಮಿನಿ, 1916ರ 'ಸ್ವಯಂವರ'ದ ರುಕ್ಮಿಣಿ, 1919ರ 'ಏಕಚ ಪ್ಯಾಲಾ'ದ ಸಿಂಧು ಎಂಬ ಪಾತ್ರಗಳು ಅವರನ್ನು ನಟನ ಸ್ಥಾನದಿಂದ ಮೇಲೆತ್ತಿ ಒಂದು ಸಾಮಾಜಿಕ ಮಾದರಿಯನ್ನಾಗಿ ಮಾಡಿದವು. ಅವರು ಉಡುವ ಸೀರೆಯ ಬಗೆಯನ್ನೂ ಮುಡಿಯುವ ಹೂವಿನ ಬಗೆಯನ್ನೂ ಕುಲೀನ ಮನೆತನಗಳ ಸ್ತ್ರೀಯರು ಅನುಕರಿಸಿದರು. 1913ರಲ್ಲಿ ಅವರು ಸಂಗಡಿಗರೊಡನೆ ಸ್ಥಾಪಿಸಿದ ಗಂಧರ್ವ ನಾಟಕ ಮಂಡಳಿಯಲ್ಲಿ ತಬಲೆಗೆ ಅಹಮದ್‌ಜಾನ್ ಥಿರಕವಾ, ಸಾರಂಗಿಗೆ ಕಾದರಬಕ್ಷ, ಸಂಗೀತದ ಮಾರ್ಗದರ್ಶನಕ್ಕೆ ಭಾಸ್ಕರಬುವಾ ಬಖಲೆ ಮುಂತಾದ ಘನವಿದ್ವಾಂಸರಿದ್ದರು. 1921ರಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಅವರೂ ಕೇಶವರಾವ್ ಭೋಸಲೆಯವರೂ ಮುಂಬಯಿಯಲ್ಲಿ ಕೂಡಿ ಆಡಿದ 'ಮಾನಾಪಮಾನ'ವು ಆ ಯುಗದ ಶಿಖರವೆಂದು ಎಣಿಸಲ್ಪಟ್ಟಿದೆ.

ಈ ಕಲೆಯ ಸ್ವರೂಪವೇನು? ಪುರುಷನು ಸ್ತ್ರೀಯಾಗಿ ಕಾಣುವುದರಲ್ಲಿ ಮಾತ್ರ ಅದರ ಸೊಗಸು ಇದ್ದಿತೆಂದು ತಿಳಿಯುವುದು ಸ್ಥೂಲದೃಷ್ಟಿ. ಅದು ನಟನಿಗೂ ಪ್ರೇಕ್ಷಕನಿಗೂ ನಡುವೆ ಏರ್ಪಟ್ಟ ಒಂದು ಒಡಂಬಡಿಕೆ. ದೀಪದ ಬೆಳಕಿನಲ್ಲಿ, ಸಾಕಷ್ಟು ದೂರದಲ್ಲಿ ನಿಂತ ರುಕ್ಮಿಣಿಯು ಪುರುಷನೆಂಬುದು ಪ್ರೇಕ್ಷಕನಿಗೆ ಗೊತ್ತು. ಗೊತ್ತಿದ್ದೂ ಅವನು ಅದನ್ನು ಮರೆಯಲು ಒಪ್ಪುತ್ತಾನೆ. ಆ ಒಪ್ಪಿಗೆಯನ್ನು ಕ್ಷಣಕ್ಷಣಕ್ಕೂ ನವೀಕರಿಸುವ ಸಾಧನವೇ ಹಾಡು. ಪದವನ್ನು ಮುಗಿಸಿದ ಕೂಡಲೆ 'ವನ್ಸ್ ಮೋರ್' ಎಂಬ ಕೂಗು ಏಳುತ್ತದೆ. ರುಕ್ಮಿಣಿಯು ಕಥೆಯನ್ನು ಬಿಟ್ಟು ಗಾಯಕಿಯಾಗುತ್ತಾಳೆ. ಅದೇ ಪದವನ್ನು ಹೊಸ ತಾನಗಳಿಂದ ಅಲಂಕರಿಸುತ್ತಾಳೆ. ಮತ್ತೆ ಕಥೆಗೆ ಮರಳುತ್ತಾಳೆ. ಇಲ್ಲಿ ಕಾಲವು ಪ್ರೇಕ್ಷಕನ ಕೈಯಲ್ಲಿದೆ. ಇರುಳು ಎಷ್ಟು ಬೆಳೆದರೂ ಯಾರಿಗೂ ಬೇಸರವಿಲ್ಲ. ದೂರ, ಒಪ್ಪಿಗೆ, ಪುನರಾವೃತ್ತಿ ಈ ಮೂರು ಕಂಬಗಳ ಮೇಲೆ ಬಾಲಗಂಧರ್ವರ ಕಲಾಮಂದಿರವು ನಿಂತಿತ್ತು.

ಚಲಚ್ಚಿತ್ರವು ಈ ಮೂರನ್ನೂ ಕಿತ್ತುಹಾಕುವ ಮಾಧ್ಯಮ. ಅದರ ಮುನ್ಸೂಚನೆಯು ಗೋದಾವರಿಯ ತೀರದಲ್ಲಿಯೇ ದೊರೆತಿತ್ತು. ಗಂಧರ್ವ ಮಂಡಳಿಯು ಸ್ಥಾಪನೆಯಾದ 1913ರಲ್ಲಿಯೇ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಮುಂಬಯಿಯಲ್ಲಿ ತೆರೆಕಂಡಿತು. ಅದರಲ್ಲಿ ತಾರಾಮತಿಯಾದವನು ಅಣ್ಣಾ ಸಾಳುಂಕೆ ಎಂಬ ಯುವಕ. ಸ್ತ್ರೀಯರು ಸಿಕ್ಕದಿದ್ದುದರಿಂದ, ಅಡಿಗೆಯ ಕೆಲಸದಲ್ಲಿದ್ದ ಅವನನ್ನು ಫಾಲ್ಕೆಯವರು ಆರಿಸಿಕೊಂಡರು. ಆದರೆ ಅದೇ ವರ್ಷ, ತಮ್ಮ ಕಾರ್ಯಕ್ಷೇತ್ರವನ್ನು ನಾಸಿಕಕ್ಕೆ ಬದಲಾಯಿಸಿದ ಮೇಲೆ ತೆಗೆದ 'ಮೋಹಿನಿ ಭಸ್ಮಾಸುರ'ದಲ್ಲಿ ಅವರು ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿಯರನ್ನು ಪಾತ್ರಕ್ಕೆ ತಂದರು. ಪುರುಷನು ತಾರಾಮತಿಯಾಗುವುದು ಫಾಲ್ಕೆಯವರಿಗೆ ಅನಿವಾರ್ಯತೆಯೇ ಹೊರತು ಕಲಾತತ್ತ್ವವಾಗಿರಲಿಲ್ಲ. ರಂಗಭೂಮಿಯಲ್ಲಿ ಅದು ಕಲಾತತ್ತ್ವವಾಗಿ ಬೆಳೆದಿತ್ತು. ಹತ್ತೊಂಬತ್ತು ವರ್ಷಗಳ ತರುವಾಯ, 1932ರಲ್ಲಿ, ಪ್ರಭಾತ್ ಸಂಸ್ಥೆಯು ಅದೇ ಹರಿಶ್ಚಂದ್ರನ ಕಥೆಯನ್ನು 'ಅಯೋಧ್ಯೆಚಾ ರಾಜಾ' ಎಂಬ ವಾಕ್ಚಿತ್ರವಾಗಿ ತೆಗೆದಾಗ, ತಾರಾಮತಿಯಾದವರು ಸುಶಿಕ್ಷಿತ ಮನೆತನದ ದುರ್ಗಾ ಖೋಟೆ. ಹರಿಶ್ಚಂದ್ರನಾದವರು 'ಮಾನಾಪಮಾನ'ಕ್ಕೆ ಸಂಗೀತವನ್ನು ಒದಗಿಸಿದ್ದ ಗೋವಿಂದರಾವ್ ಟೆಂಬೆ. ಈ ಎರಡು ತಾರಾಮತಿಯರ ನಡುವಿನ ಅವಧಿಯೇ ಗಂಧರ್ವ ಮಂಡಳಿಯ ಆಳ್ವಿಕೆಯ ಅವಧಿ. ಬಾಲಗಂಧರ್ವರು ಸ್ಟೂಡಿಯೋದ ಬಾಗಿಲಿಗೆ ಬರುವ ಹೊತ್ತಿಗೆ ಒಡಂಬಡಿಕೆಯ ಒಂದು ಪಕ್ಷವು, ಎಂದರೆ ಪ್ರೇಕ್ಷಕವರ್ಗವು, ಬದಲಾಗಿಬಿಟ್ಟಿತ್ತು.

ಅವರು ಬಂದದ್ದು ಆಸೆಯಿಂದಲ್ಲ, ಅಡಚಣೆಯಿಂದ. ಜರತಾರಿ ವಸ್ತ್ರ, ಅತ್ತರು, ಭವ್ಯ ಪರದೆಗಳಿಗಾಗಿ ಮಂಡಳಿಯು ಮಾಡಿದ ವೆಚ್ಚಕ್ಕೆ ಮಿತಿಯಿರಲಿಲ್ಲ. 1920ರ 'ದ್ರೌಪದಿ' ನಾಟಕದ ದುಂದು ಪ್ರಸಿದ್ಧವಾದುದು. ಸಾಲವು ಬೆಳೆಯಿತು, ವಾಕ್ಚಿತ್ರವು ಬಂದ ಮೇಲೆ ನಾಟಕದ ಗಲ್ಲೆಯು ಇಳಿಯಿತು. ಪ್ರಭಾತ್ ಸಂಸ್ಥೆಯೊಡನೆ ಕೂಡಿ ಚಿತ್ರಗಳನ್ನು ತೆಗೆಯುವ ಏರ್ಪಾಡು ಹೀಗೆ ಹುಟ್ಟಿತು. ವಿ. ಶಾಂತಾರಾಮರು ನಿರ್ದೇಶಿಸಿದ 'ಧರ್ಮಾತ್ಮಾ' ಮರಾಠಿ ಮತ್ತು ಹಿಂದಿ ಭಾಷೆಗಳಲ್ಲಿ ಸಿದ್ಧವಾಯಿತು. ಮೊದಲು ಅದಕ್ಕೆ 'ಮಹಾತ್ಮಾ' ಎಂಬ ಹೆಸರಿತ್ತು. ಬ್ರಿಟಿಷರ ಸೆನ್ಸಾರ್ ಮಂಡಳಿಗೆ ಆ ಹೆಸರಿನಲ್ಲಿ ಗಾಂಧೀಜಿಯವರ ಛಾಯೆಯು ಕಂಡದ್ದರಿಂದ ಬದಲಾಯಿಸಬೇಕಾಯಿತು. ಸಂಶಯಕ್ಕೆ ಆಧಾರವಿರಲಿಲ್ಲವೆಂದಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮನೆಯಲ್ಲಿ ಉಂಡ ಪೈಠಣದ ಬ್ರಾಹ್ಮಣ ಸಂತನ ಕಥೆಯು 1935ರಲ್ಲಿ ಹದಿನಾರನೆಯ ಶತಮಾನದ ಕಥೆಯಷ್ಟೇ ಆಗಿ ಉಳಿಯುವಂತಿರಲಿಲ್ಲ. ವಿಷಯವು ಸಮಯೋಚಿತ, ನಿರ್ದೇಶಕರು ಸಮರ್ಥರು, ಸಂಗೀತ ನಿರ್ದೇಶಕರಾದ ಮಾಸ್ಟರ್ ಕೃಷ್ಣರಾವ್ ಗಂಧರ್ವ ಮಂಡಳಿಯಲ್ಲಿಯೇ ಬೆಳೆದವರು. ಇಷ್ಟೆಲ್ಲ ಅನುಕೂಲತೆಗಳಿದ್ದೂ ಏಕನಾಥನ ಪಾತ್ರವು ಜನಮನದಲ್ಲಿ ನೆಲೆಗೊಳ್ಳಲಿಲ್ಲ. ಪ್ರಭಾತದೊಡನೆ ಅವರ ಸಂಬಂಧವು ಆ ಒಂದೇ ಚಿತ್ರಕ್ಕೆ ಮುಗಿಯಿತು.

ಈಗ ರೂಢಿಯ ಉತ್ತರಗಳನ್ನು ಪರೀಕ್ಷಿಸಬಹುದು. ಪುರುಷಪಾತ್ರವೇ ಸೋಲಿಗೆ ಕಾರಣವಾಗಿದ್ದರೆ ಸ್ತ್ರೀಪಾತ್ರವು ಗೆಲುವನ್ನು ತಂದುಕೊಡಬೇಕಾಗಿತ್ತು. 1937ರಲ್ಲಿ ಬಾಬೂರಾವ್ ಪೇಂಟರರ ನಿರ್ದೇಶನದಲ್ಲಿ 'ಸಾಧ್ವೀ ಮೀರಾಬಾಯಿ' ತಯಾರಾಯಿತು. ಅದರಲ್ಲಿ ಬಾಲಗಂಧರ್ವರು ರಂಗದ ಮೇಲೆ ತಮಗೆ ರೂಢಿಯಾಗಿದ್ದ ಮೀರೆಯ ವೇಷದಲ್ಲಿಯೇ ಕಾಣಿಸಿಕೊಂಡರು. ಅದು ಇನ್ನೂ ಹೆಚ್ಚು ಸೋತಿತು. ದೂರದಿಂದ ಲಾವಣ್ಯವಾಗಿ ತೋರುತ್ತಿದ್ದ ಬಾಗು ಬಳುಕುಗಳು ಕ್ಯಾಮರಾದ ಸಾಮೀಪ್ಯದಲ್ಲಿ ಬರಿಯ ಪ್ರಯಾಸವಾಗಿ ಕಂಡವು. ಆದ್ದರಿಂದ ಈ ಕಾರಣವು ನಿಲ್ಲದು. ಕಂಠವು ಕುಂದಿತ್ತೆಂದು ಹೇಳುವಂತೆಯೂ ಇಲ್ಲ. ಆ ಕಂಠದ ಮೋಹವು ಮುಂದೆಯೂ ದಶಕಗಳ ಕಾಲ ಕೇಳುಗರನ್ನು ಬಿಡಲಿಲ್ಲ.

ವಯಸ್ಸಿನ ಮಾತನ್ನು ಅಲ್ಲಗಳೆಯುವುದಕ್ಕೆ ಅದೇ ಪ್ರಭಾತ್ ಸಂಸ್ಥೆಯ ಇನ್ನೊಂದು ಚಿತ್ರವೇ ಸಾಕ್ಷಿಯಾಗಿದೆ. 1936ರ 'ಸಂತ ತುಕಾರಾಮ'ದಲ್ಲಿ ತುಕಾರಾಮನಾದ ವಿಷ್ಣುಪಂತ ಪಾಗನೀಸರಿಗೆ ಆಗ ನಲ್ವತ್ತು ದಾಟಿತ್ತು. 'ಧರ್ಮಾತ್ಮಾ'ದ ಬಾಲಗಂಧರ್ವರಿಗೆ ನಲ್ವತ್ತೇಳು. ಪಾಗನೀಸರೂ ಹಾಡುಗಾರರು, ಅವರೂ ಯೌವನದಲ್ಲಿ ರಂಗದ ಮೇಲೆ ಸ್ತ್ರೀಪಾತ್ರಗಳನ್ನು ವಹಿಸಿದ್ದವರು. ಸಂಸ್ಥೆ ಒಂದೇ, ಸಂತಚರಿತ್ರೆಯೆಂಬ ಪ್ರಕಾರವೂ ಒಂದೇ. ನಡುವೆ ಒಂದು ವರ್ಷದ ಅಂತರ. ಆದರೂ ದಾಮಲೆ ಮತ್ತು ಫತ್ತೇಲಾಲರ ಆ ಚಿತ್ರವು ಮುಂಬಯಿಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. 1937ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆಯನ್ನು ಪಡೆಯಿತು. ಇಷ್ಟು ಸಾಮ್ಯಗಳಿರುವಾಗ ಫಲಿತಾಂಶವು ಬೇರೆಯಾದುದಕ್ಕೆ ಕಾರಣವನ್ನು ನಟನೆಯ ಧರ್ಮದಲ್ಲಿಯೇ ಹುಡುಕಬೇಕು.

ತುಕಾರಾಮನ ಹಾಡು ಅವನ ದಿನಚರಿಯ ಒಂದು ಭಾಗ. ಅವನು ಹೊಲ ಕಾಯುತ್ತ ಹಾಡುತ್ತಾನೆ, ಜನರ ನಡುವೆ ನಡೆಯುತ್ತ ಹಾಡುತ್ತಾನೆ. ಹಾಡು ಯಾರ ಮೆಚ್ಚುಗೆಯನ್ನೂ ಕಾಯುವುದಿಲ್ಲ. ಅವನ ಭಕ್ತಿಯ ಎದುರಿಗೆ ಹೆಂಡತಿ ಜಿಜಾಯಿಯು ಒಲೆ, ಮಕ್ಕಳು, ಹಸಿವೆಗಳ ವಾಸ್ತವವನ್ನು ತಂದು ನಿಲ್ಲಿಸುತ್ತಾಳೆ. ಆ ಪಾತ್ರವನ್ನು ಮಾಡಿದ ಗೌರಿ ಎಂಬಾಕೆ ಸ್ಟೂಡಿಯೋದಲ್ಲಿಯೇ ಚಿಕ್ಕ ಕೆಲಸದಲ್ಲಿದ್ದು ನಟಿಯಾದವಳು. ಅವಳ ಬೈಗುಳದ ಪಕ್ಕದಲ್ಲಿ ಪಾಗನೀಸರ ಅಭಂಗವು ಸಹಜವಾಗಿ ಕೇಳಿಸುತ್ತದೆ. ಪಾಗನೀಸರು ರಂಗವನ್ನು ಮರೆತು ಬಂದರು. ಬಾಲಗಂಧರ್ವರಿಗೆ ಮರೆಯುವುದು ಸಾಧ್ಯವಿರಲಿಲ್ಲ, ಏಕೆಂದರೆ ಪ್ರೇಕ್ಷಕರೇ ಅದನ್ನು ಮರೆಯಲು ಸಿದ್ಧರಿರಲಿಲ್ಲ. ಅವರು ಹಾಡಲು ಬಾಯಿ ತೆರೆದೊಡನೆ ಏಕನಾಥನು ಮರೆಯಾಗಿ ಗಂಧರ್ವನು ಬಂದು ನಿಲ್ಲುತ್ತಾನೆ. ಕಥೆಯು ಬದಿಗೆ ಸರಿದು ಹಾಡು ಮುಗಿಯಲೆಂದು ಕಾಯುತ್ತದೆ. ರಂಗದಲ್ಲಾದರೆ ಆ ಕಾಯುವಿಕೆಯೇ ಸುಖ. ತೆರೆಯ ಮೇಲೆ 'ವನ್ಸ್ ಮೋರ್' ಎಂದು ಕೂಗಿದರೆ ಕೇಳುವವರಿಲ್ಲ. ಪಾಗನೀಸರ ಕೀರ್ತಿಯು ಚಿಕ್ಕದಾಗಿದ್ದುದೇ ಅವರಿಗೆ ವರವಾಯಿತು. ಬಾಲಗಂಧರ್ವರ ಕೀರ್ತಿಯೇ ಅವರ ಪಾತ್ರಕ್ಕೆ ಪ್ರತಿನಾಯಕನಾಯಿತು.

ಗೋಹರ್‌ಬಾಯಿಯವರ ಮೇಲಿನ ಆರೋಪವು ಈ ಹಿನ್ನೆಲೆಯಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ಬಿಜಾಪುರ ಸೀಮೆಯ, ಇಂದಿನ ಬಾಗಲಕೋಟೆ ಜಿಲ್ಲೆಯ, ಬಿಳಗಿಯಲ್ಲಿ ಮುಸಲ್ಮಾನ ಕಲಾವಿದರ ಮನೆತನದಲ್ಲಿ ಹುಟ್ಟಿದ ಗೋಹರ್ ಅವರು ಬಾಲಗಂಧರ್ವರ ಗಾಯನವನ್ನು ಆರಾಧಿಸಿ, ಆ ಶೈಲಿಯನ್ನು ತಮ್ಮ ಕಂಠದಲ್ಲಿ ಇಳಿಸಿಕೊಂಡವರು. ಅವರು ಮಂಡಳಿಯಲ್ಲಿ ನಾಯಿಕೆಯಾದದ್ದು 1930ರ ದಶಕದ ಕೊನೆಯ ಭಾಗದಲ್ಲಿ. ಸಾಲವು ಬೆಳೆದದ್ದು 1920ರ ದಶಕದಲ್ಲಿ. ಮೊದಲ ಚಿತ್ರವು ಸೋತದ್ದು 1935ರಲ್ಲಿ. ಕಾರ್ಯವು ಮೊದಲು ನಡೆದು ಕಾರಣವು ಆಮೇಲೆ ಬರುವುದು ತರ್ಕಕ್ಕೆ ಸಮ್ಮತವಲ್ಲ. ಪರಭಾಷೆಯವಳು, ಪರಧರ್ಮದವಳು, ಅದರಲ್ಲಿಯೂ ಹೆಣ್ಣು ಎಂಬ ಮೂರು ಕಾರಣಗಳಿಂದ ಒಂದು ಯುಗದ ಅವಸಾನದ ಹೊರೆಯನ್ನು ಅವರ ತಲೆಯ ಮೇಲೆ ಹೊರಿಸುವುದು ಸುಲಭವಾಯಿತು. ವಾಸ್ತವವಾಗಿ ಅವರು ಮಾಡಿದ ಕೆಲಸ ಬೇರೆ. ಗಂಧರ್ವ ಗಾಯಕಿಯ ಸ್ತ್ರೀಪಾತ್ರಗಳಿಗೆ ಅವರು ಸ್ತ್ರೀಯ ದೇಹವನ್ನೇ ಒದಗಿಸಿದರು. ಒಡಂಬಡಿಕೆಯು ಮುರಿದುಬಿದ್ದ ಕಾಲದಲ್ಲಿ ಆ ಸಂಗೀತಕ್ಕೆ ಅವರು ಕೊಟ್ಟ ಆಸರೆಯಿದು. 1964ರಲ್ಲಿ ಅವರು ತೀರಿಕೊಳ್ಳುವವರೆಗೆ ಮುಪ್ಪಾದ, ನಡೆಯಲಾರದ ಕಲಾವಿದರ ಸೇವೆಯೂ ಅವರ ಪಾಲಿಗೇ ಬಂದಿತು. ಬಾಲಗಂಧರ್ವರು ಅದೇ ವರ್ಷ ಪದ್ಮಭೂಷಣರಾಗಿ, 1967ರ ಜುಲೈ 15ರಂದು ಪುಣೆಯಲ್ಲಿ ನಿಧನರಾದರು.

ಗೋಹರ್ ಅವರ ಸೋದರಿ ಅಮೀರ್‌ಬಾಯಿ ಕರ್ನಾಟಕಿಯವರ ಜೀವನವು ಈ ಸಮಸ್ಯೆಗೆ ಇನ್ನೊಂದು ಪರಿಹಾರವನ್ನು ತೋರುತ್ತದೆ. 1935ರಲ್ಲಿ, 'ಧರ್ಮಾತ್ಮಾ' ತೆರೆಗೆ ಬಂದ ವರ್ಷವೇ, ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು 'ಭಾಗ್ಯಚಕ್ರ' ಎಂಬ ಬಂಗಾಲಿ ಚಿತ್ರದಲ್ಲಿ ಹಿನ್ನೆಲೆ ಗಾಯನದ ಪದ್ಧತಿಯನ್ನು ಪ್ರಾರಂಭಿಸಿದರು. ಹಾಡುವವರು ಒಬ್ಬರು, ಕಾಣುವವರು ಇನ್ನೊಬ್ಬರು. ಬಾಲಗಂಧರ್ವರಲ್ಲಿ ಪರಸ್ಪರ ಕದನಕ್ಕಿಳಿದಿದ್ದ ಕಂಠ ಮತ್ತು ಕಾಯಗಳಿಗೆ ಯಂತ್ರವು ಹೀಗೆ ವಿಚ್ಛೇದವನ್ನು ಕರುಣಿಸಿತು. ನಟಿಯಾಗಿ ಚಿತ್ರರಂಗವನ್ನು ಪ್ರವೇಶಿಸಿದ್ದ ಅಮೀರ್‌ಬಾಯಿಯವರು ಆ ಹಾದಿಯಲ್ಲಿ ನಡೆದು, 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶವೆಲ್ಲ ಪರಿಚಿತರಾದರು. ಅವರನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಬರೆದಿರುವ ಗ್ರಂಥವು ಬಹುಕಾಲದ ಒಂದು ಕೊರತೆಯನ್ನು ತುಂಬಿದೆ. ಒಂದೇ ಮನೆಯ ಒಬ್ಬ ಸೋದರಿ ಗಂಧರ್ವಕಂಠಕ್ಕೆ ದೇಹವನ್ನು ಕೊಟ್ಟರು. ಇನ್ನೊಬ್ಬರು ತಮ್ಮ ಕಂಠವನ್ನು ದೇಹದಿಂದ ಬಿಡಿಸಿ ಪರರ ಮುಖಕ್ಕೆ ಕೊಟ್ಟರು.

ಕಂಠಕಾಯಗಳು ಒಮ್ಮೆ ಅಗಲಿದ ಮೇಲೆ ಮತ್ತೆ ಕೂಡಲಾರವೆಂದೇನೂ ಇಲ್ಲ. ಗುಬ್ಬಿ ಕಂಪನಿಯಲ್ಲಿ ಬೆಳೆದ ರಾಜಕುಮಾರರು 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ನಾಯಕರಾದಾಗ ಅವರ ರಂಗದ ಕಂಠವನ್ನು ಚಿತ್ರವು ಬಳಸಿಕೊಳ್ಳಲಿಲ್ಲ. ಅಪರೂಪಕ್ಕೆ ಹಾಡಿದ್ದುಂಟಾದರೂ, ಸುಮಾರು ಎರಡು ದಶಕಗಳ ಕಾಲ ಅವರಿಗೆ ಮುಖ್ಯವಾಗಿ ಪಿ. ಬಿ. ಶ್ರೀನಿವಾಸರು ದನಿಯಾದರು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದ ಮೊದಲುಗೊಂಡು ಅವರು ತಮ್ಮ ಹಾಡನ್ನು ತಾವೇ ಹಾಡಿದರು. 1992ರ 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಅವರು ಮೊದಲು ಕಾಯದಿಂದ ಜನರನ್ನು ಒಲಿಸಿಕೊಂಡು, ಅನಂತರ ಕಂಠವನ್ನು ಕೂಡಿಸಿದರು. ಬಾಲಗಂಧರ್ವರು ಕಂಠದಿಂದ ಪೂಜೆಗೊಂಡ ಮೇಲೆ ಕಾಯವನ್ನು ಪರೀಕ್ಷೆಗೆ ಒಡ್ಡಿದರು. ಅನುಕ್ರಮದ ಈ ವ್ಯತ್ಯಾಸವು ಸಣ್ಣದಲ್ಲ.

2011ರಲ್ಲಿ ರವಿ ಜಾಧವ್ ಅವರ ನಿರ್ದೇಶನದಲ್ಲಿ 'ಬಾಲಗಂಧರ್ವ' ಎಂಬ ಮರಾಠಿ ಚಿತ್ರವು ಬಂದಿತು. ಅದರಲ್ಲಿ ಬಾಲಗಂಧರ್ವರಾಗಿ ಕಾಣುವವರು ಸುಬೋಧ ಭಾವೆ. ಹಾಡುವವರು ಆನಂದ ಭಾಟೆ. ಬದುಕಿದ್ದಾಗ ಅವರನ್ನು ಇಡಿಯಾಗಿ ಸ್ವೀಕರಿಸಲಾರದ ಚಲಚ್ಚಿತ್ರವು, ಅವರ ಕಥೆಯನ್ನು ಹೇಳುವಾಗ ಅವರನ್ನು ಇಬ್ಬರನ್ನಾಗಿ ಒಡೆದು ಗೆದ್ದಿತು. ಭಾಟೆಯವರಿಗೆ ಆ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯೂ ಬಂದಿತು. ಬಾಲ್ಯದಲ್ಲಿಯೇ ನಾಟ್ಯಗೀತಗಳನ್ನು ಹಾಡಿ 'ಆನಂದ ಗಂಧರ್ವ' ಎನಿಸಿಕೊಂಡಿದ್ದ ಭಾಟೆಯವರು ಗದಗಿನ ಭೀಮಸೇನ ಜೋಶಿಯವರ ಶಿಷ್ಯರು. ಭೀಮಸೇನರ ಗುರುಗಳು ಕುಂದಗೋಳದ ರಾಮಭಾವೂ, ಎಂದರೆ ಸವಾಯಿ ಗಂಧರ್ವರು. ಅವರೂ ಒಂದು ಕಾಲಕ್ಕೆ ಮರಾಠಿ ರಂಗದ ಮೇಲೆ ಸ್ತ್ರೀವೇಷವನ್ನು ತೊಟ್ಟು ಹಾಡಿದವರು, ಆಮೇಲೆ ವೇಷವನ್ನು ಕಳಚಿಟ್ಟು ಬೈಠಕ್ಕಿನಲ್ಲಿ ಕುಳಿತವರು. ಗುರ್ಲಹೊಸೂರಿನಿಂದ ಹೊರಟ ಸಂಗೀತ ನಾಟಕದ ಪರಂಪರೆಯು ಕುಂದಗೋಳ, ಗದಗುಗಳನ್ನು ಹಾದು ಬಂದ ಒಂದು ಕಂಠದಿಂದ ಮತ್ತೆ ತೆರೆಯ ಮೇಲೆ ಕೇಳಿಬಂದಿತು. ಬಾಲಗಂಧರ್ವರ ಚಿತ್ರಜೀವನವನ್ನು ಪತನದ ಕಥೆಯೆಂದು ಬರೆದು ಅದಕ್ಕೊಬ್ಬ ಅಪರಾಧಿಯನ್ನು ಹುಡುಕುವುದಕ್ಕಿಂತ, ಎರಡು ಕಲಾಧರ್ಮಗಳ ಸಂಘರ್ಷದಲ್ಲಿ ಒಬ್ಬ ಮಹಾಕಲಾವಿದರು ತೆತ್ತ ಬೆಲೆಯೆಂದು ತಿಳಿಯುವುದು ನ್ಯಾಯ. ಆ ಬೆಲೆಯಲ್ಲಿ ಬಿಳಗಿಯ ಹೆಣ್ಣುಮಗಳೊಬ್ಬಳ ಪಾಲೂ ಇದ್ದಿತೆಂಬುದನ್ನು ಮುಂದಿನ ಚರಿತ್ರಕಾರರು ಲೆಕ್ಕಕ್ಕೆ ಹಿಡಿಯಬೇಕು.